ಇಟ್ಟಲ್ಲಿ ಇರದ ಫ್ಲಾಪಿಗಳು

ಜೋಪಾನ ಮಾಡಬೇಕೆಂದು ಹೊರಟ ವಸ್ತುವಿಗೇ ನಮ್ಮ ಮನೆಯಲ್ಲಿ ಮೊದಲು ಗಂಡಾಂತರ ಬರುತ್ತದೆ. ಮೊನ್ನೆ ಮಗಳು, "ಅಪ್ಪಾ, ಕಂಪ್ಯೂಟರ್‌ನಾಗಿಂದು ಎಲ್ಲಾ ಕ್ಲೌಡ್ ಅಂತಾರಲ್ಲ, ಆ ಮೋಡದಾಗ ಇಡೋಣು. ಯಾವ ಕಂಪನಿ ಸೋವಿ, ಯಾವುದು ಗಟ್ಟಿ, ನೋಡಿ ಹೇಳು" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಮೋಡ ಇಲ್ಲದ ಕಾಲದಲ್ಲಿ ಸೋವಿಯದೂ ಗಟ್ಟಿಯದೂ ಆದ ಜಾಗ ಹುಡುಕುತ್ತ ಮೂರು ತಾಲೂಕು ಅಲೆದವನು ನಾನು.

ತೊಂಬತ್ತರ ದಶಕದ ನಡುಭಾಗ. ಆಳಂದದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಊರ ಹೆಸರುಗಳ ಮೇಲೆ ಪಿಎಚ್.ಡಿ. ಮಾಡುತ್ತ ಏಳು ವರ್ಷ ಆಗಿತ್ತು. ಊರ ಹೆಸರಿಗೆ ಸುಲ್ತಾನ ಎಲ್ಲಿಂದ ಬಂದು ಅಂಟಿಕೊಂಡ ಎಂದು ನಾನು ಕೇಳಿದ್ದಕ್ಕೇ ಬೇಸತ್ತು, ಕಿಣ್ಣಿ ಸುಲ್ತಾನ ಎಂಬ ಊರಿನ ಮಂದಿ ನನ್ನನ್ನು ಕಂಡರೆ ಹೊಲದ ದಾರಿ ಹಿಡಿಯುತ್ತಿದ್ದರು. ಆಗ ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ಮನೆಗೆ ತಂದೆ. ಎಲ್ಲವನ್ನೂ ಅದರಲ್ಲಿ ಟೈಪು ಮಾಡಿ, ಮಹಾ ಶಾಣ್ಯಾನಂತೆ ಕೈಬರಹದ ಹಾಳೆಗಳನ್ನು ರದ್ದಿಗೆ ಹಾಕಿದೆ. ವಾರದಲ್ಲೇ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿನ್ನುವಾಗ ಕೈಯಲ್ಲಿದ್ದದ್ದು ನನ್ನದೇ ಎರಡನೇ ಅಧ್ಯಾಯ!

ಕಂಪ್ಯೂಟರ್ ಮಾರಿದವನು ಆಮೇಲೆ ಸಿಕ್ಕು ಹೇಳಿದ: "ಸರ್, ಹಳೇ ಮಶೀನ್ ಅದ. ಯಾವಾಗರ ಕೈ ಕೊಡ್ತದ. ಫ್ಲಾಪಿಗಿ ಕಾಪಿ ಮಾಡಿ ಬ್ಯಾರೆ ಬ್ಯಾರೆ ಕಡಿ ಇಡ್ರಿ."

ಫ್ಲಾಪಿ ಅಂದರೆ ಅಂಗೈಯಗಲದ ಪ್ಲಾಸ್ಟಿಕ್ ಚೌಕ, ಒಂದು ಅಂಚಿಗೆ ತಗಡಿನ ಪಟ್ಟಿ. ಅಂಥವು ನಾಲ್ಕು ಕೊಂಡು ಇಡೀ ಪ್ರಬಂಧವನ್ನು ನಾಲ್ಕರಲ್ಲೂ ತುಂಬಿದೆ.

ಅವ್ವನ ಜಗಲಿ

ಒಂದನ್ನು ಅವ್ವನ ಕೈಗೆ ಕೊಟ್ಟೆ. "ಏಳು ವರ್ಷದ್ದು ಇದರಾಗ ಅದಬೇ, ಹುಷಾರು" ಅಂದೆ. ಅವಳು ಅದನ್ನು ದೇವರ ಜಗಲಿಯ ಮೇಲಿಟ್ಟಳು. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇಲ್ಲ ಎಂದು ನಾನೂ ಒಪ್ಪಿದೆ.

ತಿಂಗಳಾದ ಮೇಲೆ ಪರೀಕ್ಷೆಗೆಂದು ಅದನ್ನು ಯಂತ್ರದೊಳಗೆ ತೂರಿಸಿದರೆ ಗರ್ ಗರ್ ಎಂದು ಒದರಿ ನಿಂತಿತು. ಹೊರಗೆ ತೆಗೆದೆ. ಮೂರು ಬೆರಳಿನ ವಿಭೂತಿ, ಪದರದ ಮೇಲೆ ಪದರ!

"ಅವ್ವಾ, ಇದಕ್ಕ್ಯಾಕ ವಿಭೂತಿ ಹಚ್ಚಿದಿ?"

"ನಿನ್ನ ವಿದ್ಯಾ ಅದರಾಗ ಅದ ಅಂದಿ. ಹಚ್ಚಲಾರ್ದ ಬಿಡ್ಲೇನು?"

"ಬೂದಿ ಒಳಗ ಹೋಗಿ ಕೆಟ್ಟದ ನೋಡು."

ಅವ್ವ ಒಪ್ಪಲಿಲ್ಲ. "ಬೂದಿ ಹ್ಯಾಂಗ ಒಳಗ ಉಳೀತದೋ ತಮ್ಮಾ? ಸೋಮವಾರಕ್ಕೊಮ್ಮೆ ಹಾಲು ಹಾಕಿ ತೊಳದೇನಲ್ಲ!"

ಕಂಡಕ್ಟರ್ ಕೈಗೆ

ಎರಡನೆಯದನ್ನು ಅಫಜಲಪುರದ ಗೆಳೆಯನಿಗೆ ಕಳಿಸಲು ಪರಿಚಯದ ಬಸ್ ಕಂಡಕ್ಟರ್ ಕೈಗೆ ಕೊಟ್ಟೆ. ಬೇಸಿಗೆ ದಿನ. "ನಾಜೂಕು ಸಾಮಾನದ, ಯಾರೂ ಅದರ ಮ್ಯಾಲ ಕೂಡಬಾರ್ದು" ಎಂದು ಎರಡೆರಡು ಸಲ ಹೇಳಿದೆ. ಆತ ಮಾತಿಗೆ ತಪ್ಪಲಿಲ್ಲ. ಇಡೀ ಬಸ್ಸಿನಲ್ಲಿ ಯಾರೂ ಕೂಡಲಾಗದ ಜಾಗ ಹುಡುಕಿ ಇಟ್ಟಿದ್ದ, ಡ್ರೈವರ್ ಪಕ್ಕದ ಕಾದ ಎಂಜಿನ್ ಮೇಲೆ. ಗೆಳೆಯ ಫೋನ್ ಮಾಡಿ ಕೇಳಿದ: "ಹಪ್ಪಳ ಮುಟ್ಟ್ಯದ್ರಿ. ಕರಿಯೋದೋ, ಹಂಗೇ ತಿನ್ನೋದೋ?"

ಮೈಕ್ ಸೆಟ್ ಅಂಗಡಿ

ಜೇವರ್ಗಿಯಲ್ಲಿ ನನ್ನ ಹೆಂಡತಿಯ ತಮ್ಮ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಕರೆಂಟಿನ ಸಾಮಾನು ಬಲ್ಲವನು ಎಂಬ ಭರವಸೆಯಿಂದ ಮೂರನೆಯದನ್ನು ಅವನಿಗೆ ಒಪ್ಪಿಸಿದೆ.

"ಫಿಕರ್ ಮಾಡಬ್ಯಾಡ್ರಿ ಮಾಮಾ. ಭೂಕಂಪ ಆದರೂ ಬೀಳಂಗಿಲ್ಲ, ಅಂಥಲ್ಲಿ ಇಡ್ತೇನಿ" ಅಂದ.

ಮುಂದಿನ ಸಲ ಹೋದಾಗ ತೋರಿಸು ಅಂದೆ. ದೊಡ್ಡ ಸ್ಪೀಕರೊಂದನ್ನು ಹೆಮ್ಮೆಯಿಂದ ತಿರುಗಿಸಿದ. ಅದರ ಬೆನ್ನಿಗೆ ರೊಟ್ಟಿಯಗಲದ ಅಯಸ್ಕಾಂತ, ಅಯಸ್ಕಾಂತಕ್ಕೆ ತಗಡಿನ ಪಟ್ಟಿಯಿಂದ ಕಚ್ಚಿಕೊಂಡು ನನ್ನ ಫ್ಲಾಪಿ. ಅಯಸ್ಕಾಂತ ತಾಗಿದರೆ ಫ್ಲಾಪಿಯಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂದು ಅಳುದನಿಯಲ್ಲಿ ಹೇಳಿದೆ. ಅವನಿಗೆ ಬೇಸರವೇ ಆಯಿತು. "ಒಳಗಿಂದು ನನಗ ಗೊತ್ತಿಲ್ಲ ಮಾಮಾ. ಫ್ಲಾಪಿ ಅಂತೂ ಕೂದಲೆಳಿ ಸುದ್ದಾ ಸರದಿಲ್ಲ, ನೋಡ್ರಿ!"

ಕುಬಸದ ಖಣ

ಹೊಸ ಫ್ಲಾಪಿ ತರಬೇಕು ಅನ್ನುವಷ್ಟರಲ್ಲಿ ಕರೆಂಟು ಒಮ್ಮೆ ಜೋರಾಗಿ ಬಂದು ಕಂಪ್ಯೂಟರ್ ಸುಟ್ಟಿತು. ಪ್ರಬಂಧ ಒಪ್ಪಿಸಲು ಹತ್ತೇ ದಿನ ಉಳಿದಿತ್ತು. ಅದು ತಪ್ಪಿದರೆ ನೋಂದಣಿ ರದ್ದು, ಏಳು ವರ್ಷ ನೀರಿಗೆ. ನಾಲ್ಕನೆಯ ಫ್ಲಾಪಿಯನ್ನು ಹೆಂಡತಿಗೆ ಕೊಟ್ಟದ್ದನ್ನೇ ಮರೆತು, ನಾನು ಗೋಡೆಗೊರಗಿ ಕೂತುಬಿಟ್ಟೆ.

"ನಾಲ್ಕನೇದು ನನ್ನ ಹಂತೇಕ ಅದಲ್ರಿ" ಅಂದಳು ಹೆಂಡತಿ. "ಟ್ರಂಕಿನಾಗ, ಖಣದ ಮಡಿಕ್ಯಾಗ ಇಟ್ಟೇನಿ. ಧೂಳು ಹತ್ತಂಗಿಲ್ಲ." ನನಗೆ ಹೋದ ಜೀವ ಬಂದಂತಾಯಿತು. ಟ್ರಂಕು ತೆಗೆದವಳು ಹಣೆ ಹಣೆ ಬಡಿದುಕೊಂಡಳು. ಆ ಖಣವನ್ನು ಅಫಜಲಪುರದ ತನ್ನ ಅಕ್ಕನಿಗೆ ಕೊಟ್ಟುಬಿಟ್ಟಿದ್ದಳು!

ನಮ್ಮ ಕಡೆ ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬಿ ಕುಬಸದ ಖಣ, ಅಂದರೆ ರವಿಕೆ ಬಟ್ಟೆ, ಕೊಡುವುದು ಪದ್ಧತಿ. ಬಂದ ಖಣವನ್ನು ಹೊಲಿಸುವವರು ಕಡಿಮೆ. ಮಡಿಕೆ ಬಿಚ್ಚದೆ ಮುಂದಿನ ಮನೆಗೆ ದಾಟಿಸುತ್ತಾರೆ. ದಾಟಿಸಿದೆ ಎಂದು ಮಾತ್ರ ಯಾರೂ ಒಪ್ಪುವುದಿಲ್ಲ.

ಅಫಜಲಪುರಕ್ಕೆ ಓಡಿದೆವು. ಅಕ್ಕ, "ಅಯ್ಯ, ಹೊಲಿಸ್ಕೊಂಡೇನಿ ತಂಗಿ! ತೊಟ್ಟು ತೊಟ್ಟು ಹಳೇದಾಗ್ಯದ" ಅಂದಳು. ನನ್ನ ಹೆಂಡತಿ ಕೈ ಮುಗಿದಳು: "ಇವರ ಏಳು ವರ್ಷದ್ದು ಅದರಾಗದ. ಖರೇ ಹೇಳ ಅಕ್ಕಾ." ನನ್ನನ್ನು ಅಂಗಳಕ್ಕೆ ಕಳಿಸಿದ ಮೇಲೆ ಖರೇ ಹೊರಬಂತು. ಖಣ ಗಾಣಗಾಪುರಕ್ಕೆ ಹೋಗಿತ್ತು, ಅಲ್ಲಿ ಲಾಡ್ಜ್ ನಡೆಸುವ ಆಕೆಯ ಗೆಳತಿಗೆ. ಅಲ್ಲಿಗೂ ಹೋದೆವು. ಮತ್ತೆ ಹೊಲಿಸಿದ್ದೇನೆಂಬ ಅದೇ ಪ್ರಮಾಣ, ಮತ್ತೆ ನಾನು ಅಂಗಳಕ್ಕೆ. ಅಲ್ಲಿಂದ ಅದು ಜೇವರ್ಗಿಯ ವಕೀಲರ ಹೆಂಡತಿಯ ಉಡಿ ಸೇರಿತ್ತು.

ವಕೀಲರ ಹೆಂಡತಿ ಗಟ್ಟಿ ಹೆಂಗಸು. ನಾನು ಅಂಗಳಕ್ಕೆ ಹೋದರೂ ಅವರ ಪ್ರಮಾಣ ಸಡಿಲಾಗಲಿಲ್ಲ. "ಕೊಟ್ಟ ಖಣ ಬ್ಯಾರೇರಿಗಿ ದಾಟಿಸೋ ಮಂದಿ ನಾವಲ್ಲ ತಂಗಿ. ಅದೇ ತಿಂಗಳ ಹೊಲಿಸೇನಿ. ಒಳಗ ಏನೂ ಇರಲಿಲ್ಲ." ನನ್ನನ್ನೂ ಒಳಗೆ ಕರೆದು ಚಹಾ ಕೊಟ್ಟರು. ಹೊರಡಲು ಎದ್ದೆವು.

ಮುತ್ತೈದೆಯನ್ನು ಬರಿಗೈಲಿ ಕಳಿಸಲಾದೀತೇ? ಕುಂಕುಮ ಹಚ್ಚಿದರು. ಒಳಗೆ ಹೋಗಿ ಟ್ರಂಕಿನಿಂದ ಕೈಗೆ ಸಿಕ್ಕ ಖಣವೊಂದನ್ನು ತಂದು ಉಡಿಗೆ ಹಾಕಿದರು. ನನ್ನ ಹೆಂಡತಿ ಖಣವನ್ನು ಮೆಲ್ಲಗೆ ಒತ್ತಿ ನೋಡಿದಳು. ನಡುವೆ ಗಟ್ಟಿಯಾಗಿ, ಚೌಕಾಗಿ ಏನೋ ಇತ್ತು. ಅವಳು ವಕೀಲರ ಹೆಂಡತಿಯ ಮುಖ ನೋಡಿದಳು. ಅವರು ಖಣ ನೋಡಿದರು. ಮುಖ ಕುಂಕುಮಕ್ಕಿಂತ ಕೆಂಪಾಯಿತು.

"ಅಕ್ಕಾ," ಅಂದಳು ನನ್ನ ಹೆಂಡತಿ, "ಹೊಲಿಗಿ ಭಾಳ ಛಂದ ಆಗ್ಯದ."

ಅಲ್ಲಿಂದ ನೆಟ್ಟಗೆ ಕಲಬುರ್ಗಿಯ ಕಂಪ್ಯೂಟರ್ ಅಂಗಡಿಗೆ ಹೋದೆವು. ಫ್ಲಾಪಿ ಒಳಗೆ ಹೋಯಿತು, ಒಂದೊಂದೇ ಅಧ್ಯಾಯ ತೆರೆಯಿತು. ಒಂದಕ್ಷರವೂ ಅಳಿಸಿರಲಿಲ್ಲ. ನಾಲ್ಕು ಮನೆ ತಿರುಗಿದರೂ ಒಂದು ಕಣ ಧೂಳು ಹತ್ತಿರಲಿಲ್ಲ. ಅಂಗಡಿಯವರ ಎದುರಿಗೇ ನಾನು ಅತ್ತುಬಿಟ್ಟೆ, ಆಮೇಲೆ ನಕ್ಕೆ.

ಹೊರಗೆ ಬಂದು ಹೆಂಡತಿಗೆ ಹೇಳಿದೆ: "ಆ ಖಣ ಇನ್ನ ಯಾರಿಗೂ ಕೊಡಬ್ಯಾಡ. ಇವತ್ತೇ ಹೊಲಿಸಿಕೋ."

ಅವಳು ಖಣ ಬಿಚ್ಚಿ ಬಿಸಿಲಿಗೆ ಹಿಡಿದಳು. ಹಳಸಿದ ಬ್ಯಾಳಿ ಸಾರಿನ ಬಣ್ಣ, ಅದಕ್ಕೆ ಪಾಚಿ ಹಸಿರಿನ ಅಂಚು.

"ಇದನ್ನೇನ್ರಿ? ಮೂರು ತಾಲೂಕಿನಾಗ ಯಾವಾಕಿನೂ ಇದನ್ನ ಹೊಲಿಸಂಗಿಲ್ಲ ಅಂತ ಖಾತ್ರಿ ಮಾಡ್ಕೊಂಡೇ ಇದರಾಗ ಇಟ್ಟಿದ್ದೆ!"