ಮಾವನ ವಂದನಾರ್ಪಣೆ

ನನ್ನ ಸೋದರಮಾವನಷ್ಟು ಧನ್ಯವಾದ ಹೇಳಿದವರು ಇಡೀ ಮಧುಗಿರಿ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಹಾಗೆ ಹೇಳಿ ಅವರಷ್ಟು ಬೈಸಿಕೊಂಡವರೂ ಇಲ್ಲ! ನಾಲ್ಕು ಜನ ಸೇರಿದರೆ ಸಾಕು, ಎದ್ದು ನಿಂತು ವಂದನಾರ್ಪಣೆ. ತಮ್ಮ ಮದುವೆಯಲ್ಲಿ, ತಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ, ‘ಬಿಡುವು ಮಾಡಿಕೊಂಡು ಪಾವಗಡದಿಂದ ಆಗಮಿಸಿರುವ ವಧುವಿಗೆ’ ಧನ್ಯವಾದ ಅರ್ಪಿಸಿದ ಮಹಾನುಭಾವ! ಹೆಣ್ಣಿನ ತಂದೆ ತಡೆಯಲಾರದೆ, ತೆಲುಗು ಬೆರೆಸಿ, “ಚಾಲು ಚಾಲು, ಸಾಕು! ಮೊದ್ಲು ತಾಳಿ ಕಟ್ಟಪ್ಪಾ!” ಎಂದರಂತೆ.

ಮಿಡಿಗೇಶಿಯಲ್ಲಿ ಬಸ್ ಇಳಿಯುವಾಗಲೂ ಅಷ್ಟೇ. ಡ್ರೈವರಿಗೆ, ಕಂಡಕ್ಟರಿಗೆ, ಸೀಟು ಕೊಟ್ಟ ಅಜ್ಜಿಗೆ... “ನಾನೂ ನಿಮ್ಗೊಂದು ಥ್ಯಾಂಕ್ಸ್ ಹೇಳ್ಬುಡ್ತೀನಿ, ಇಳ್ಕಳಿ ಸ್ವಾಮಿ!” ಎಂದು ಕಂಡಕ್ಟರ್ ಕೈ ಮುಗಿದಿದ್ದ.

ಇಂಥವರು ನನ್ನ ರಾಕ್ ಕಾರ್ಯಕ್ರಮಕ್ಕೆ ಬರುತ್ತೇನೆಂದರೆ ಎದೆ ನಡುಗದೆ ಇರುತ್ತದೆಯೇ?

ಆಗ ನಾವು ನಾಲ್ವರು ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೆವು. ಹಾಡುವವಳು ನಾನು, ಗಿಟಾರೂ ನನ್ನದೇ. ಹಾಡುಗಳೆಲ್ಲ ನಾವೇ ಬರೆದವು. ಹಾಗಾಗಿ ಯಾರಿಗೂ ಗೊತ್ತಿಲ್ಲದವು! ಶಿರಾದ ಪುಟ್ಟ ಕ್ಲಬ್ಬೊಂದರಲ್ಲಿ ಕೇರಂ ಬೋರ್ಡುಗಳನ್ನು ಗೋಡೆಗೆ ಒರಗಿಸಿ ಜಾಗ ಕೊಟ್ಟಿದ್ದರು. ನಮ್ಮ ಮೊದಲ ಕಾರ್ಯಕ್ರಮ. ಬಂದವರಲ್ಲಿ ಅರ್ಧ ಜನ ಕೇರಂ ಮತ್ತೆ ಯಾವಾಗ ಶುರುವಾಗುತ್ತದೋ ಎಂದು ಕಾದವರು. ಮಾವ ಮಾತ್ರ ಇಸ್ತ್ರಿ ಪಂಚೆಯುಟ್ಟು ಮೊದಲ ಸಾಲಿನಲ್ಲಿ, ಸ್ಪೀಕರಿನ ಎದುರಿಗೇ!

ಎರಡನೇ ಹಾಡಿಗೆ “ಯಾವ್ದಾನ ಸಿನ್ಮಾ ಹಾಡು ಹಾಡ್ರಮ್ಮಾ!” ಎಂಬ ಕೂಗು ಎದ್ದಿತು. ಮೂರನೆಯದಕ್ಕೆ ಕರೆಂಟೇ ಹೋಯಿತು. ಕತ್ತಲಲ್ಲಿ ಕುರ್ಚಿ ಸರಿಯುವ ಸದ್ದು. ಜನ ಹೊರಟರು. ನನಗೆ ಅಳು ಒತ್ತರಿಸಿ ಬಂತು.

ಆಗ ಮಾವ ವೇದಿಕೆ ಹತ್ತಿದರು. ಮೈಕಿಲ್ಲ, ಬೆಳಕಿಲ್ಲ, ಅವರಿಗೆ ಅವೆಲ್ಲ ಯಾಕೆ?

“ಯಾರೂ ಹೋಗ್ಬ್ಯಾಡಿ! ವಂದನಾರ್ಪಣೆ ಆಗ್ದೆ ಎದ್ದೋದ್ರೆ ಮರ್ವಾದೆ ಅಲ್ಲ!”

ಪಾಪ, ಮರ್ಯಾದಸ್ಥರು ಕೂತರು. ಮಾವ ಕುರ್ಚಿ ಹೊತ್ತವರಿಗೆ, ಜಾಗ ಬಿಟ್ಟುಕೊಟ್ಟ ಕೇರಂ ಬೋರ್ಡುಗಳಿಗೆ, ‘ಬಾಯ್ಬುಟ್ಟು ಸಿನ್ಮಾ ಹಾಡು ಕೇಳಿದ ಮಹನೀಯರಿಗೆ’ ಒಂದೊಂದಾಗಿ ವಂದಿಸಿದರು. ನಗು ಶುರುವಾಯಿತು. “ಕರೆಂಟಿಗೂ ಹೇಳಿ ಯಜಮಾನ್ರೇ!” ಎಂದನೊಬ್ಬ.

“ಮೊದ್ಲು ಬರ್ಲಿ, ಆಮ್ಯಾಕೆ ನೋಡಾನ!”

ಕ್ಲಬ್ಬಿಗೆ ಕ್ಲಬ್ಬೇ ಬಿದ್ದು ಬಿದ್ದು ನಗುತ್ತಿರುವಾಗ ದೀಪ ಹತ್ತಿತು. ಮಾವ ನನ್ನ ಕಡೆ ತಿರುಗಿ, “ವಂದನಾರ್ಪಣೆ ಮುಗೀತು. ಇನ್ನು ಕಾರ್ಯಕ್ರಮ ಶುರು ಮಾಡ್ಕಳಮ್ಮ!” ಎಂದರು.

ಆಮೇಲೆ ಒಬ್ಬರೂ ಏಳಲಿಲ್ಲ. ಸಿನಿಮಾ ಹಾಡು ಕೇಳಿದವನೇ ಕೇರಂ ಬೋರ್ಡ್ ಬಡಿದು ತಾಳ ಹಾಕಿದ. ಆ ಬ್ಯಾಂಡ್ ಈಗ ಇಲ್ಲ; ಆ ತಾಳ ಇನ್ನೂ ಕಿವಿಯಲ್ಲಿದೆ.

ಎಲ್ಲ ಮುಗಿದ ಮೇಲೆ ಮಾವ ಹೊರಗೆ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು.

“ಯಾಕ್ ಮಾವ, ಸುಮ್ನೆ ಕೂತ್ಬುಟ್ರಿ?”

“ಹಾಡಿನ ಕೊನೇಲಿ ದನಿ ಎಳೀತೀಯಲ್ಲ... ನೀರು ಸೇದೋವಾಗ ನಮ್ಮಕ್ಕ ಇಂಗೇ ಎಳೀತಿದ್ಲು ಕಣಮ್ಮ.”

ಅವರಕ್ಕ ಎಂದರೆ, ನನಗೆ ನೆನಪು ಮೂಡುವ ಮೊದಲೇ ಹೋದ ನನ್ನಮ್ಮ. ಅವಳು ಹಾಡುತ್ತಿದ್ದಳೆಂದು ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಮಾವ ತಂತಿ ಒತ್ತಿ ಕೆಂಪಾಗಿದ್ದ ನನ್ನ ಬೆರಳುಗಳನ್ನು ಹಿಡಿದುಕೊಂಡು ಮೆಲ್ಲಗೆ ಊದುತ್ತ ಕೂತರು.