ಗಾಡಿಯ ಮೇಲೆ ಅತ್ತೆಯನ್ನು ಕೂರಿಸುವುದು ಹೇಗೆಂದು ತಿಳಿಸದ ಕಂಪನಿಗೆ

ಎಟಿವಿ ಗಾಡಿ ತಯಾರಿಸುವ ಕಂಪನಿಯ ಸುರಕ್ಷತಾ ವಿಭಾಗದ ಮಾನ್ಯರೇ,

ತೆಲಂಗಾಣದ ನಾರ್ವ ಸೀಮೆಯ ಎರೆಹೊಲದ ಕೆಸರಿನಿಂದ ಈಗಷ್ಟೇ ಕಾಲು ಕಿತ್ತುಕೊಂಡು ಬಂದ ಪರಮೇಶನೆಂಬ ನಾನು ಮಾಡುವ ಶರಣುಗಳನ್ನು ತಾವು ಸ್ವೀಕರಿಸಬೇಕು. ತಮ್ಮ ಕಚೇರಿಯ ನೆಲ ನುಣುಪಾಗಿ, ಸಮತಟ್ಟಾಗಿ ಇದೆಯೆಂದು ನಂಬಿದ್ದೇನೆ. ನಾನು ಹೈದರಾಬಾದಿನ ಹೊರಗೆ ಒಂದು ಸಾಹಸ ಪಾರ್ಕಿನಲ್ಲಿ, ತಮ್ಮ ನಾಲ್ಕು ದಪ್ಪ ಗಾಲಿಯ ಗಾಡಿಯನ್ನು ಬೀಳದೆ ಓಡಿಸುವುದು ಹೇಗೆಂದು ಬಂದವರಿಗೆಲ್ಲ ಕಲಿಸುವವನು. ಪಾರ್ಕಿನವರು ಹಳೆಯದಾಯಿತೆಂದು ತೆಗೆದುಹಾಕಿದ ಒಂದು ಗಾಡಿಯನ್ನು ಊರಿಗೆ ತಂದಿಟ್ಟುಕೊಂಡವನೂ ನಾನೇ. ಆದ್ದರಿಂದ ತಮ್ಮ ಸುರಕ್ಷತಾ ಪುಸ್ತಿಕೆ ನನಗೆ ಬಾಯಿಪಾಠ. ದಿಬ್ಬವನ್ನು ನೇರವಾಗಿ ಹತ್ತಬೇಕು, ಅಡ್ಡ ಹೋಗಬಾರದು; ಅಡ್ಡ ಹೋಗಲೇಬೇಕಾಗಿ ಬಂದರೆ ಮೈಭಾರವನ್ನೆಲ್ಲ ಏರಿನ ಕಡೆಗೆ ವಾಲಿಸಬೇಕು; ಹಿಂದೆ ಯಾರನ್ನೂ ಕೂರಿಸಿಕೊಳ್ಳಬಾರದು. ಎಂಥ ಮುತ್ತಿನಂಥ ಮಾತುಗಳು! ಇವನ್ನು ಬರೆದ ಮಹನೀಯರಿಗೆ ಇನ್ನೂ ಮದುವೆಯಾಗಿಲ್ಲವೆಂಬುದೊಂದೇ ನನ್ನ ಅನುಮಾನ.

ಆದದ್ದು ಇಷ್ಟು. ಜೋರು ಮಳೆಯ ದಿನ ನನ್ನ ಹೆಂಡತಿ ವಿಜಯಶ್ರೀಗೆ, ತವರಿಗೆ ಕಳಿಸುವ ಮೊದಲೇ ನೋವು ಶುರುವಾಗಿ, ಮಕ್ತಲ್ ಆಸ್ಪತ್ರೆಗೆ ಸೇರಿಸಿದೆವು. ಚೊಚ್ಚಲ ಹೆರಿಗೆ. ಅವಳು ಹಲ್ಲು ಕಚ್ಚಿಕೊಂಡು ಹೇಳಿದ್ದು ಒಂದೇ ಮಾತು: "ನಮ್ಮವ್ವನ್ನ ಕರಕೊಂಡು ಬರ್ರಿ. ಅಕಿ ಬಾಜೂಕ ಇರಲಿಲ್ಲಂದ್ರ ನನಗ ಧೈರ್ಯ ಸಾಲಂಗಿಲ್ಲ." ಅವಳ ಅವ್ವನ ಊರು ಹಳ್ಳದ ಆಚೆ. ಹಳ್ಳದ ಸಣ್ಣ ಸೇತುವೆ ಕೊಚ್ಚಿಹೋಗಿತ್ತು, ಆಟೋದವರು ಡಾಂಬರು ರಸ್ತೆ ಬಿಟ್ಟು ಇಳಿಯಲು ಒಪ್ಪಲಿಲ್ಲ. ತಮ್ಮ ಗಾಡಿಯನ್ನೇ ನಂಬಿ ನಾನು ಹೊಲದ ದಾರಿ ಹಿಡಿದೆ.

ನನ್ನ ಅತ್ತೆ ಹಂಪಮ್ಮನವರು ಅಳಿಯನ ಎದುರು ಕೂರುವವರಲ್ಲ, ಅಳಿಯನ ಜೊತೆ ನೇರವಾಗಿ ಮಾತಾಡುವವರೂ ಅಲ್ಲ. ಅವರ ಮನೆತನದ ರೀತಿ ಹಾಗೆ. ಏನಾದರೂ ಹೇಳುವುದಿದ್ದರೆ ಮಗಳಿಗೆ ಹೇಳುತ್ತಾರೆ, ಮಗಳು ನನಗೆ ದಾಟಿಸುತ್ತಾಳೆ, ನಾನು ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದರೂ ಸರಿಯೇ. ಇಂಥವರು ನಾನು ಕೊಟ್ಟ ಹೆಲ್ಮೆಟ್ ಹಾಕಿಕೊಂಡು, ಹೆಲ್ಮೆಟ್ಟಿನ ಮೇಲೆ ಸೆರಗು ಹೊದ್ದು, ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು ಕೂತು, ನಮ್ಮಿಬ್ಬರ ನಡುವೆ ಕೂಸಿಗೆಂದು ಕಟ್ಟಿದ ಹಳೇ ಬಟ್ಟೆಯ ಗಂಟನ್ನು ಗೋಡೆಯ ಹಾಗೆ ಇಟ್ಟರು. ಗಾಡಿಗೆ ಅಂಟಿಸಿದ ತಮ್ಮ ಸ್ಟಿಕ್ಕರಿನ ಚಿತ್ರದಲ್ಲಿ ಗುಡ್ಡ ಹತ್ತುತ್ತಿರುವ ಆ ಒಂಟಿ ಮನುಷ್ಯನಿಗೆ ಹೆಣ್ಣು ಕೊಟ್ಟವರು ಯಾರೂ ಇಲ್ಲವೇ, ಮಾನ್ಯರೇ?

ನಡುವೆ ಮಾತು ದಾಟಿಸುವವರಿಲ್ಲದ ಕಾರಣ ಅತ್ತೆಯವರು ಆ ಕೆಲಸಕ್ಕೆ ಈ ಗಾಡಿಯನ್ನೇ ನೇಮಿಸಿದರು. "ಏ ಗಾಡಿ, ಮುಂದ ಕಲ್ಲೈತಿ, ಅಳಿಯಂದ್ರಿಗೆ ಹೇಳು. ಮುಂಜಾನಿಂದ ಏನರ ತಿಂದಾರೇನು ಕೇಳು." ನಾನೂ ಮರ್ಯಾದಸ್ಥನೇ. "ತಿಂದಾರಂತ ಹೇಳಪಾ ಗಾಡಿ" ಎಂದೆ. ಅಷ್ಟು ದೊಡ್ಡ ಎಂಜಿನ್ ಇಟ್ಟುಕೊಂಡೂ ತಮ್ಮ ಗಾಡಿ ಯಾರ ಮಾತನ್ನೂ ಯಾರಿಗೂ ದಾಟಿಸಲಿಲ್ಲ. ತಾನೇ ಗುಡುಗುಟ್ಟಿಕೊಂಡು ನಡೆಯಿತು.

ಹಳ್ಳದ ದಂಡೆಯಲ್ಲಿ ನೇರ ಇಳಿಯುವ ಜಾಗ ನಾನು ಹೋಗಿ ಬರುವಷ್ಟರಲ್ಲಿ ಕುಸಿದುಹೋಗಿತ್ತು. ಅಡ್ಡ ಹೋಗದೆ ಗತಿಯಿರಲಿಲ್ಲ. ಬಲಕ್ಕೆ ಏರು, ಎಡಕ್ಕೆ ಕೆನ್ನೀರು. ಪುಸ್ತಿಕೆಯ ಅಪ್ಪಣೆಯಂತೆ ಸಣ್ಣ ಗೇರಿಗೆ ಹಾಕಿ, ಸೀಟು ಬಿಟ್ಟೆದ್ದು ಬಲಕ್ಕೆ ವಾಲಿದೆ. ಅಳಿಯನ ಬೆನ್ನು ತಾಗೀತೆಂದು ಅತ್ತೆಯವರು ಇನ್ನಷ್ಟು ಎಡಕ್ಕೆ ಸರಿದರು. "ಗಾಡೀ, ಅತ್ತಿಯವ್ರಿಗೆ ಬಲಕ್ಕ ವಾಲಾಕ ಹೇಳೋ!" ಎಂದು ನಾನು ಕೂಗಿದೆ. ಆ ಹೊತ್ತಿನಲ್ಲೂ ನೇರ ಹೇಳಲು ನನಗೆ ಬಾಯಿ ಬರಲಿಲ್ಲ ನೋಡಿ. ಬಲಗಡೆಯ ಎರಡೂ ಗಾಲಿ ನೆಲ ಬಿಟ್ಟವು.

"ಏ ಪರಮ್ಯಾ, ಸರಿಯೋ ಆ ಕಡೆ! ನನ್ನ ಮಗಳು ಅಲ್ಲಿ ಒಬ್ಬಾಕಿ ಅದಾಳ!"

ಹೀಗೆಂದವರೇ ಅತ್ತೆಯವರು ಗಂಟನ್ನು ಮಡಿಲಿಗೆಳೆದುಕೊಂಡು, ನನ್ನ ಬಲಭುಜದ ಮೇಲೆ ಮೈಯೆಲ್ಲ ಹಾಕಿದರು. ಗಾಲಿಗಳು ನೆಲಕ್ಕೆ ಬಂದವು. ಹಳ್ಳ ದಾಟಿದ ಮೇಲೆ ಡಾಂಬರು ರಸ್ತೆಯಲ್ಲಿ ಆಟೋ ಸಿಕ್ಕಿತು. ಆಸ್ಪತ್ರೆಯಲ್ಲಿ ಅವ್ವನ ಕೈ ಹಿಡಿದ ಮೇಲೆಯೇ ವಿಜಯಶ್ರೀ ಅತ್ತಳು, ಅದಾದ ಸ್ವಲ್ಪ ಹೊತ್ತಿಗೆ ನನ್ನ ಮಗಳು ಅತ್ತಳು. ಎಲ್ಲರೂ ಕ್ಷೇಮ.

ಕ್ಷೇಮವಿಲ್ಲದಿರುವುದು ನಮ್ಮ ಮನೆಯ ಮರ್ಯಾದೆ ಮಾತ್ರ. ಅಳಿಯನನ್ನು ಏಕವಚನದಲ್ಲಿ ಕರೆದು, ಮೈಮೇಲೆ ಬಿದ್ದ ನಾಚಿಕೆಗೆ ಅತ್ತೆಯವರು ನಾನಿರುವ ಕೋಣೆಗೇ ಬರುತ್ತಿಲ್ಲ. ಆದ್ದರಿಂದ ತಾವು ಮುಂದಿನ ಗಾಡಿಯಲ್ಲಿ ಓಡಿಸುವವನಿಗೂ ಹಿಂದೆ ಕೂತವರಿಗೂ ನಡುವೆ, ಎರಡೂ ಮನೆಗೆ ಬೇಕಾದ ಹಿರಿಯರೊಬ್ಬರನ್ನು ಕಂಪನಿಯಿಂದಲೇ ಕೂರಿಸಿ ಕಳಿಸಬೇಕೆಂದೂ, ಅವರು ಭಾರವಿಲ್ಲದವರಾಗಿರಬೇಕೆಂದೂ, ಕನ್ನಡ ತೆಲುಗು ಎರಡೂ ಬಲ್ಲವರಾಗಿದ್ದರೆ ಇನ್ನೂ ಒಳ್ಳೆಯದೆಂದೂ ಕೋರುತ್ತೇನೆ. ಅದಾಗದಿದ್ದರೆ, ಇಳಿಜಾರಿನಲ್ಲಿ ಅಳಿಯನಿಗೆ ಆತುಕೊಂಡದ್ದು ಲೆಕ್ಕಕ್ಕಿಲ್ಲ ಎಂದು ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ನಮ್ಮ ಬೀಗರ ಊರಿಗೆ ಖುದ್ದಾಗಿ ಬಂದು ಓದಿ ಹೇಳಬೇಕು. ಬರುವಾಗ ಹಳ್ಳದ ದಾರಿಯಲ್ಲೇ ಬರಬೇಕು.

ಒಂದೇ ಕಡೆಗೆ ವಾಲಿಕೊಂಡಿರುವ ತಮ್ಮ ವಿಶ್ವಾಸಿ,
ಪರಮೇಶ

ಆಮೇಲೆ ಸೇರಿಸಿದ್ದು: ಹಿರಿಯರನ್ನು ಕಳಿಸುವ ತೊಂದರೆ ಇನ್ನು ಬೇಡ. ಇವತ್ತು ನಾನು ಬಾಗಿಲಲ್ಲಿ ನಿಂತಾಗ ಅತ್ತೆಯವರು ತೊಡೆಯ ಮೇಲಿನ ಕೂಸಿಗೆ, "ನಿಮ್ಮಪ್ಪಗ ಹೇಳವ್ವಾ, ಗಾಡಿ ಚಲೋ ಐತಿ, ಅವರಿಗೆ ನಡಸಾಕ ಕಲಿಸಿದವ್ರಿಗೇ ಬುದ್ಧಿ ಇಲ್ಲಂತ" ಎಂದರು. ಕೂಸು ಆಕಳಿಸಿತು. ಮಾತು ನನಗೆ ತಲುಪಿತು. ಮುಂದಕ್ಕೆ ತಮಗೆ ದಾಟಿಸಿದ್ದೇನೆ.