ರಾಜಧಾನಿಗಳ ಕುಂಟೆಬಿಲ್ಲೆ

"ಪುಸ್ತಕ ಓದಿಸಿ ಭೂಗೋಳ ಕಲಿಸೋರು ಕಲಿಸ್ಲಿ ಕಣೇ! ನಾನು ಜಪಾನಿನ ಮಕ್ಕಳನ್ನ ತಿರುವನಂತಪುರದಿಂದ ದೆಹಲಿವರೆಗೂ ಕುಣಿಸ್ಕೊಂಡು ಹೋಗ್ತೀನಿ!"

ಹರಿಹರನ ಈ ಘೋಷಣೆಗೆ ಜಪಾನಿನ ಫುನಾಬೊರಿಯ ಆ ಪುಟ್ಟ ಫ್ಲಾಟೇ ಅದುರಿತು. ಮಗಳು ಅನುವಿನ ಶಾಲೆಯಲ್ಲಿ ಅಪ್ಪ-ಅಮ್ಮಂದಿರು ತಮ್ಮ ದೇಶವನ್ನು ಪರಿಚಯಿಸುವ ದಿನ ಬಂದಿತ್ತು. ಹರಿಹರ ಬಿಳಿ ಬೆಡ್‌ಶೀಟಿನ ತುಂಬ ಭಾರತದ ನಕಾಶೆ ಬರೆದು, ರಾಜಧಾನಿಗಳಿಗೆಲ್ಲ ಕೆಂಪು ಬೊಟ್ಟಿಟ್ಟಿದ್ದ. ಕೂಗಿದ ಊರಿಗೆ ಒಂಟಿಕಾಲಲ್ಲಿ ಹಾರಬೇಕು!

"ಅದು ನನ್ನ ಹೊಸ ಬೆಡ್‌ಶೀಟು!" ಎಂದಳು ಹೆಂಡತಿ ಕಾತ್ಯಾಯಿನಿ.

"ದೇಶಕ್ಕಾಗಿ ತ್ಯಾಗ ಮಾಡು!"

ಅನು ಮಾತ್ರ ಅಂಗಲಾಚಿದಳು: "ಅಪ್ಪಾ, ಪ್ಲೀಸ್, ಡೋಂಟ್ ಎಂಬರಾಸ್ ಮಿ. ಫ್ರೆಂಡ್ಸೆಲ್ಲಾ ಇರ್ತಾರೆ."

ಶಾಲೆಯ ಹಾಲಿನಲ್ಲಿ ನಕಾಶೆ ಹಾಸಿದ್ದಾಯಿತು. ಮಕ್ಕಳು ಸುತ್ತ ನಿಂತರು, ವಯಸ್ಸಾದ ಹೆಡ್‌ಮಾಸ್ಟರೂ ಬಂದರು. "ಮೊದಲು ನೀವೇ ಹಾರಿ ತೋರಿಸಿ, ಹರಿಹರ-ಸಾನ್" ಎಂದರು ಟೀಚರ್ ಮೋರಿ.

ಹರಿಹರ ಕಾಲೆತ್ತಿದ. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು! ಅಯ್ಯೋ, ಭಾರತಮಾತೆಯ ಮೇಲೆ ಕಾಲಿಡುವುದೇ? ಕಾಲಿಗೆ ಪುಸ್ತಕ ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದ ಜೀವ ಅದು. ಬರೆಯುವಾಗ ಬುದ್ಧಿ ಎಲ್ಲಿ ಹುಲ್ಲು ಮೇಯುತ್ತಿತ್ತೋ! ಅತ್ತ ಅನು ನಾಚಿಕೆಯಿಂದ ಕೆಂಪಾಗುತ್ತಿದ್ದಳು. ಬೇರೆ ದಾರಿಯಿಲ್ಲದೆ ಹರಿಹರ ಬಗ್ಗಿ ತಿರುವನಂತಪುರವನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡು, ಕ್ಷಮೆ ಕೇಳಿ ಹಾರಿದ. ಚೆನ್ನೈಗೂ ಹಾಗೇ. ಬೆಂಗಳೂರಿಗೆ ತವರಿನ ಅಭಿಮಾನದಿಂದ ಎರಡು ಸಲ!

ಮಕ್ಕಳು ಇದೇ ಆಟದ ನಿಯಮವೆಂದುಕೊಂಡರು. ಬಗ್ಗು, ಮುಟ್ಟು, ಕಣ್ಣಿಗೊತ್ತು, ಹಾರು! "ಹೈದರಾಬಾದೋ!" "ಭೋಪಾರು!" ಹಾಲಿಗೆ ಹಾಲೇ ಜಪಾನಿ ಉಚ್ಚಾರದಲ್ಲಿ ಕೇಕೆ ಹಾಕಿತು. "ನಿಮ್ಮಪ್ಪ ಸುಗೋಯ್! ಸೂಪರ್!" ಎಂದು ಗೆಳತಿಯರು ಹೊಗಳಿದಾಗ ಅನು ಹಿಗ್ಗಿ ಹೀರೇಕಾಯಿಯಾದಳು. ಹರಿಹರನಿಗಂತೂ ನೆಲವೇ ಕಾಣಲಿಲ್ಲ. ಲಖನೌ, ಜೈಪುರ, ಚಂಡೀಗಢ ಎಂದು ಕುಪ್ಪಳಿಸಿ, ಕೊನೆಗೆ ದೆಹಲಿಯ ಮುಂದೆ ರಾಷ್ಟ್ರ ರಾಜಧಾನಿಗೆ ತಕ್ಕಂತೆ ಆಳವಾಗಿ ಬಗ್ಗಿದ.

ಕಟಕ್!

ಸೊಂಟ ಹಿಡಿದುಕೊಂಡಿತು. ಮೇಲೇಳಲು ನೋಡಿದ, ಆಗಲಿಲ್ಲ.

ಇಷ್ಟು ದೊಡ್ಡ ನಮಸ್ಕಾರ ಕಂಡು ಹೆಡ್‌ಮಾಸ್ಟರಿಗೆ ಹೃದಯ ತುಂಬಿ ಬಂತು. ಅವರೂ ಅಷ್ಟೇ ಆಳವಾಗಿ ಬಗ್ಗಿದರು. ಅವರನ್ನು ನೋಡಿ ಟೀಚರ್, ಟೀಚರನ್ನು ನೋಡಿ ಮಕ್ಕಳು. ಅತಿಥಿ ಏಳುವ ಮೊದಲು ಏಳುವುದು ಮರ್ಯಾದೆಯೇ? ಇಡೀ ಹಾಲು ಬಗ್ಗಿ ಸ್ತಬ್ಧವಾಯಿತು.

ಬಗ್ಗಿದಲ್ಲಿಂದಲೇ ಅನು ಪಿಸುಗುಟ್ಟಿದಳು: "ಅಪ್ಪಾ, ಸಾಕು, ಗೆಟ್ ಅಪ್! ನೀನು ಏಳೋ ತನಕ ಯಾರೂ ಏಳಲ್ಲ."

"ಏಳೋಕಾಗ್ತಿಲ್ಲ ಪುಟ್ಟಿ... ಹೆಡ್‌ಮಾಸ್ಟರಿಗೆ ಹೇಳು, ಅವರಾದ್ರೂ ಎದ್ದು ನನ್ನ ಎತ್ತಲಿ."

ಅನು ಅತ್ತ ಜಪಾನಿಯಲ್ಲಿ ಕೇಳಿ, ಇತ್ತ ತಿರುಗಿದಳು.

"ಅಪ್ಪಾ, ಅವರದೂ ಹಿಡ್ಕೊಂಡಿದೆಯಂತೆ!"